ಕೂಲಿಂಗ್ ಗ್ಲಾಸ್ ಕೊಳ್ಳುವ ಮುಂಚೆ: ಕಪ್ಪು ಬೇರೆ, ಕಾವಲು ಬೇರೆ

ನಮ್ಮಪ್ಪನ ಎಡಗಣ್ಣಿನಲ್ಲಿ, ಮೂಗಿನ ಕಡೆಯ ಮೂಲೆಯಿಂದ, ತೆಳ್ಳಗೆ ಒಂದು ಮಾಂಸದ ಪದರ ಬೆಳೆದಿದೆ. ಹತ್ತಿರ ಕೂತು ನೋಡಿದರೆ ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಕೆಂಪು ನರಗಳು ಕಾಣುತ್ತವೆ. ಅದರ ತುದಿ ಮೊನಚಾಗಿ ಬಂದು ಕಪ್ಪುಗುಡ್ಡೆಯ ಅಂಚನ್ನು ಮುಟ್ಟಿದೆ. ನಮ್ಮ ಕಡೆ ಇದಕ್ಕೆ ಕಣ್ಣಿಗೆ ದುರ್ಮಾಂಸ ಬೆಳೆದಿದೆ ಅನ್ನುತ್ತಾರೆ. ಡಾಕ್ಟರು ಟೆರಿಜಿಯಂ ಅಂದರು. ಮಂಡ್ಯದ ಹತ್ತಿರ ನಮ್ಮದು ಕಬ್ಬು, ಭತ್ತದ ಬೇಸಾಯ. ಅಪ್ಪ ನಲವತ್ತು ವರ್ಷ ಬಿಸಿಲು, ದೂಳು, ಗಾಳಿಯಲ್ಲೇ ಇದ್ದವರು. "ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಸಿ, ಇಲ್ಲದಿದ್ದರೆ ಇನ್ನೂ ಬೆಳೆಯುತ್ತೆ" ಅಂತ ಡಾಕ್ಟರು ಹೇಳಿ ಕಳಿಸಿದರು.

ನಾನು ಅವತ್ತೇ ರಸ್ತೆ ಬದಿಯಲ್ಲಿ ಒಂದು ಕನ್ನಡಕ ತಂದೆ. ಇದ್ದುದರಲ್ಲೇ ತುಂಬಾ ಕಪ್ಪಗಿದ್ದದ್ದನ್ನು ಆರಿಸಿದ್ದೆ. ಕಪ್ಪು ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಆಮೇಲೆ ಮೈಸೂರಿನಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿನ ಯುವಿ, ಅಂದರೆ ಬಿಸಿಲಿನ ಅತಿನೇರಳೆ ಕಿರಣದ, ಪರೀಕ್ಷೆ ಮಾಡುವ ಪುಟ್ಟ ಮಿಷನ್‌ನಲ್ಲಿ ಅದನ್ನು ಇಟ್ಟು ನೋಡಿದಾಗ ಗೊತ್ತಾಯಿತು, ಆ ಗಾಜು ಬೆಳಕನ್ನು ತಡೆಯುತ್ತಿತ್ತು, ಯುವಿ ಕಿರಣವನ್ನು ಮಾತ್ರ ಧಾರಾಳವಾಗಿ ಒಳಗೆ ಬಿಡುತ್ತಿತ್ತು. ಏಳು ತಿಂಗಳು ಅಪ್ಪ ಅದನ್ನೇ ಹಾಕಿಕೊಂಡಿದ್ದರು. ಆ ಸಂಕಟ ಇನ್ನೂ ಹೋಗಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕಪ್ಪು ಗಾಜು ಯಾಕೆ ಮೋಸ ಮಾಡುತ್ತೆ

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಜೊತೆ ಕಾಣದ ಯುವಿ ಕಿರಣವೂ ಇರುತ್ತದೆ. ಇದರಲ್ಲಿ ಎರಡು ಬಗೆ ನೆಲದವರೆಗೆ ಬರುತ್ತವೆ. ಕಿರಣದ ಅಲೆಯ ಉದ್ದದ ಲೆಕ್ಕದಲ್ಲಿ 280ರಿಂದ 315 ನ್ಯಾನೋಮೀಟರ್‌ವರೆಗಿನದು ಯುವಿ ಬಿ, 315ರಿಂದ 400ರವರೆಗಿನದು ಯುವಿ ಎ. ಮೊದಲನೆಯದನ್ನು ಹೆಚ್ಚಾಗಿ ಕಣ್ಣಿನ ಮುಂಭಾಗದ ಕಾರ್ನಿಯಾ ಹೀರಿಕೊಳ್ಳುತ್ತದೆ. ಎರಡನೆಯದು ಇನ್ನೂ ಒಳಗೆ ಹೋಗಿ ಕಣ್ಣಿನ ಮಸೂರವನ್ನು ಮುಟ್ಟುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ದುರ್ಮಾಂಸ, ಪೊರೆ, ರೆಪ್ಪೆಯ ಚರ್ಮದ ಕ್ಯಾನ್ಸರ್ ಇವುಗಳ ಅಪಾಯ ಹೆಚ್ಚುತ್ತದೆ. ಪೊರೆ ಬರುವುದಕ್ಕೆ ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಹೀಗೆ ಬೇರೆ ಕಾರಣಗಳೂ ಇವೆ. ಆದರೆ ಬಿಸಿಲಿನ ಪಾಲನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ.

ಈಗ ಕಪ್ಪು ಗಾಜಿನ ವಿಷಯ. ಕಣ್ಣಿನ ಪಾಪೆ ಬಿಸಿಲಿಗೆ ಸಣ್ಣಗಾಗುತ್ತದೆ, 2 ಮಿಲಿಮೀಟರ್‌ನಷ್ಟು. ಕತ್ತಲಾದರೆ ಅಗಲವಾಗುತ್ತದೆ, 7 ಮಿಲಿಮೀಟರ್‌ವರೆಗೂ ಹೋಗಬಹುದು. ಬಿಸಿಲಲ್ಲಿ ನಾವು ಕಣ್ಣನ್ನೂ ಕಿರಿದು ಮಾಡಿಕೊಳ್ಳುತ್ತೇವೆ ಅಲ್ವಾ? ಇದೆಲ್ಲ ಹುಟ್ಟಿನಿಂದಲೇ ಬಂದ ರಕ್ಷಣೆ. ಕಪ್ಪು ಗಾಜು ಹಾಕಿದ ಕೂಡಲೇ ಕಣ್ಣು ನೆರಳು ಬಂತು ಅಂದುಕೊಂಡು ಪಾಪೆಯನ್ನು ತೆರೆಯುತ್ತದೆ, ರೆಪ್ಪೆಯನ್ನೂ ಅರಳಿಸುತ್ತದೆ. ಗಾಜಿಗೆ ಯುವಿ ತಡೆಯುವ ಗುಣ ಇಲ್ಲದಿದ್ದರೆ ತೆರೆದ ಬಾಗಿಲಲ್ಲಿ ಅದು ಸಲೀಸಾಗಿ ಒಳಗೆ ಹೋಗುತ್ತದೆ. ಕಪ್ಪು ಬಣ್ಣ ಕಣ್ಣಿಗೆ ಹಾಯೆನಿಸಲಿಕ್ಕೆ. ಯುವಿ ತಡೆಯುವ ಗುಣಕ್ಕೆ ಬಣ್ಣವೇ ಇಲ್ಲ. ಪೂರ್ತಿ ಬಿಳಿ ಗಾಜೂ ಯುವಿಯನ್ನು ನೂರಕ್ಕೆ ನೂರು ತಡೆಯಬಹುದು, ಕಡುಗಪ್ಪು ಗಾಜು ತಡೆಯದೆಯೂ ಇರಬಹುದು.

ನಮ್ಮ ಊರಿನ ಬಿಸಿಲು

ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರ. ಏಪ್ರಿಲ್ 22ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಆ ಹೊತ್ತಿಗೆ ನೆರಳೇ ಇರುವುದಿಲ್ಲ. ಏಪ್ರಿಲ್ ಎಲ್ಲರಿಗೂ ಗೊತ್ತು, ಆಗಸ್ಟ್ ಯಾರಿಗೂ ನೆನಪಿರುವುದಿಲ್ಲ. ಮೋಡ ಇದೆಯಲ್ಲ ಅಂತ ಕನ್ನಡಕ ಬಿಟ್ಟು ಹೋಗುತ್ತೇವೆ. ತೆಳು ಮೋಡ ಸೆಕೆಯನ್ನು ತಡೆಯುತ್ತದೆಯೇ ಹೊರತು ಯುವಿಯ ಬಹುಪಾಲನ್ನು ಹಾಗೇ ಬಿಡುತ್ತದೆ.

ಫೋನಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ ಅಂತ ಒಂದು ಅಂಕಿ ಬರುತ್ತದೆ. 3 ದಾಟಿದರೆ ರಕ್ಷಣೆ ಬೇಕು, 8ರಿಂದ 10 ಅಂದರೆ ತುಂಬಾ ಜಾಸ್ತಿ, 11 ದಾಟಿದರೆ ವಿಪರೀತ. ಬೇಸಿಗೆಯ ನಡುಹಗಲಲ್ಲಿ ನಮ್ಮ ಕಡೆ 11 ದಾಟುವುದು ಮಾಮೂಲಿ. ಆ್ಯಪ್ ಇಲ್ಲದವರು ತಮ್ಮ ನೆರಳು ನೋಡಿಕೊಳ್ಳಿ. ನಿಮಗಿಂತ ನಿಮ್ಮ ನೆರಳು ಗಿಡ್ಡ ಇದ್ದರೆ ಯುವಿ ಜೋರಾಗಿದೆ ಅಂತ ಅರ್ಥ.

ಆದರೆ ಕಣ್ಣಿನ ಲೆಕ್ಕ ಚರ್ಮದ ಲೆಕ್ಕಕ್ಕಿಂತ ಸ್ವಲ್ಪ ಬೇರೆ. ಸೂರ್ಯ ನೆತ್ತಿಯ ಮೇಲಿದ್ದಾಗ ಹುಬ್ಬು ಕಣ್ಣಿಗೆ ಚಪ್ಪರದ ಹಾಗೆ ನೆರಳು ಕೊಡುತ್ತದೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ, ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಓರೆಯಾಗಿ ನೇರ ಕಣ್ಣಿಗೇ ಬೀಳುತ್ತದೆ. ಹಾಗಾಗಿ "ಹನ್ನೆರಡಕ್ಕೆ ಮಾತ್ರ ಹಾಕ್ಕೋತೀನಿ" ಅನ್ನುವುದು ಸಾಲದು.

ಮೊದಲ ಹೆಜ್ಜೆ: ಕಡ್ಡಿಯ ಒಳಗೆ ಓದಿ

ಕನ್ನಡಕವನ್ನು ಮುಖಕ್ಕೆ ಹಾಕಿ ಕನ್ನಡಿ ನೋಡುವ ಮುಂಚೆ ಕಡ್ಡಿಯನ್ನು ತಿರುಗಿಸಿ ಒಳಬದಿ ಓದಿ. "ಯುವಿ 400" ಅಥವಾ "ಯುವಿ ಎ ಮತ್ತು ಬಿಯಿಂದ 100% ರಕ್ಷಣೆ" ಅಂತ ಇರಬೇಕು. 400 ಅಂದರೆ 400 ನ್ಯಾನೋಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆ ಅಂತ. ಸುಮ್ನೆ "ಯುವಿ ರಕ್ಷಣೆ" ಅಂತ ಮಾತ್ರ ಇದ್ದು ಎಷ್ಟು ಅಂತ ಇಲ್ಲದಿದ್ದರೆ ಕೇಳಿ. ಒಳ್ಳೆಯ ತಯಾರಕರು ಐಎಸ್‌ಒ 12312-1 ಎಂಬ ಮಾನದಂಡವನ್ನು ಪೊಟ್ಟಣದ ಮೇಲೋ ಒಳಗಿನ ಚೀಟಿಯಲ್ಲೋ ಬರೆದಿರುತ್ತಾರೆ.

ಅದರ ಪಕ್ಕದಲ್ಲೇ 0ರಿಂದ 4ರವರೆಗೆ ಒಂದು ಅಂಕಿ ಇರುತ್ತದೆ, ಕೆಟಗರಿ ಅಂತ. ಇದು ಯುವಿಯದ್ದಲ್ಲ, ಕಪ್ಪಿನ ಅಳತೆ. 2ನೇ ಕೆಟಗರಿ 18ರಿಂದ 43% ಬೆಳಕನ್ನು ಬಿಡುತ್ತದೆ. 3ನೆಯದು 8ರಿಂದ 18%. ನಮ್ಮ ಬಿಸಿಲಿಗೆ 3 ಸರಿ. ಬೆಳಗ್ಗೆ ಸಂಜೆ ಮಾತ್ರ ಹೊರಗೆ ಓಡಾಡುವವರಿಗೆ, ಕಪ್ಪು ಗಾಜಿನಲ್ಲಿ ಮೆಟ್ಟಿಲು ಸರಿಯಾಗಿ ಕಾಣದ ವಯಸ್ಸಾದವರಿಗೆ 2 ಸಾಕು. 4ನೆಯದು 3ರಿಂದ 8% ಮಾತ್ರ ಬಿಡುತ್ತದೆ. ಅದು ಹಿಮದ ಬೆಟ್ಟ ಹತ್ತುವವರಿಗೆ. ಅದನ್ನು ಹಾಕಿಕೊಂಡು ಗಾಡಿ ಓಡಿಸಲೇಬಾರದು.

ಎರಡನೇ ಹೆಜ್ಜೆ: ಸ್ಟಿಕ್ಕರ್ ನಂಬಬೇಡಿ, ಪರೀಕ್ಷೆ ಮಾಡಿಸಿ

ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ನಿಜ ಹೇಳುವುದು ಮಿಷನ್ ಮಾತ್ರ. ಪವರ್ ಕನ್ನಡಕ ಮಾಡಿಕೊಡುವ ಅಂಗಡಿಗಳಲ್ಲಿ ಕೈಗಾತ್ರದ ಯುವಿ ಟೆಸ್ಟರ್ ಇಟ್ಟಿರುತ್ತಾರೆ. ಗಾಜನ್ನು ಅದರ ಸಂದಿನಲ್ಲಿ ಇಟ್ಟು ಗುಂಡಿ ಒತ್ತಿದರೆ ಎಷ್ಟು ಯುವಿ ಆಚೆ ಬರುತ್ತಿದೆ ಅಂತ ತೋರಿಸುತ್ತದೆ. ಸೊನ್ನೆ ಅಥವಾ ಅದರ ತೀರಾ ಹತ್ತಿರ ಇರಬೇಕು. ದೇವರಾಜ ಅರಸು ರಸ್ತೆ, ಅಶೋಕ ರಸ್ತೆಯ ಕಡೆ ಹೋದಾಗ, ಮನೆಯಲ್ಲಿ ಇರುವ ಹಳೆಯ ಕೂಲಿಂಗ್ ಗ್ಲಾಸ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಕೇಳಿ. ಅರ್ಧ ನಿಮಿಷದ ಕೆಲಸ. ಸಂಕೋಚ ಪಡಬೇಡಿ, ಹೀಗೆ ಕೇಳುವ ಗಿರಾಕಿ ಬಂದರೆ ನಮಗೆ ಖುಷಿಯೇ ಆಗುತ್ತದೆ.

ಮನೆಯಲ್ಲೂ ಒಂದು ಅಂದಾಜು ಪರೀಕ್ಷೆ ಮಾಡಬಹುದು. ನೋಟು ಅಸಲಿಯೋ ನಕಲಿಯೋ ನೋಡುವ ನೇರಳೆ ಟಾರ್ಚ್ ಇದೆಯಲ್ಲ, ಅದು ಬೇಕು. ಕೋಣೆ ಕತ್ತಲು ಮಾಡಿ 500ರ ನೋಟಿನ ನಂಬರಿನ ಮೇಲೆ ಬಿಟ್ಟರೆ ಅಂಕಿಗಳು ಹೊಳೆಯುತ್ತವೆ. ಈಗ ಟಾರ್ಚ್ ಮತ್ತು ನೋಟಿನ ನಡುವೆ ಗಾಜನ್ನು ಹಿಡಿಯಿರಿ. ಗಾಜಿನ ಮೂಲಕ ನೋಡಬೇಡಿ, ಪಕ್ಕದಿಂದ ನೋಟನ್ನೇ ನೋಡಿ. ಹೊಳಪು ಆರಿದರೆ ಒಳ್ಳೆಯ ಲಕ್ಷಣ. ಹಾಗೇ ಹೊಳೆಯುತ್ತಿದ್ದರೆ ಅನುಮಾನ ಪಡಿ. ಅಗ್ಗದ ಟಾರ್ಚ್‌ಗಳ ಬೆಳಕು 400ರ ಅಂಚಿನಲ್ಲೇ ಇರುವುದರಿಂದ ಒಳ್ಳೆಯ ಗಾಜೂ ಕೆಲವೊಮ್ಮೆ ಸ್ವಲ್ಪ ಬಿಟ್ಟ ಹಾಗೆ ಕಾಣಬಹುದು. ಅದಕ್ಕೇ ಇದು ಅಂದಾಜು ಅಂದದ್ದು, ಕೊನೆ ಮಾತು ಮಿಷನ್‌ದೇ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಇನ್ನೊಂದು ಎಚ್ಚರಿಕೆ. ಕೆಲವು ಕಡೆ ಒಂದು ಚಿತ್ರದ ಕಾರ್ಡ್ ತೋರಿಸುತ್ತಾರೆ. ಬರಿಗಣ್ಣಿಗೆ ಏನೂ ಕಾಣಲ್ಲ, ಕನ್ನಡಕ ಹಾಕಿದರೆ ಮೀನೋ ದೋಣಿಯೋ ಮೂಡುತ್ತದೆ. ಇನ್ನು ಕೆಲವರು ನೀಲಿ ಲೇಸರ್ ಪೆನ್ ಬಿಟ್ಟು, "ನೋಡಿ ಮೇಡಂ, ಆಚೆ ಹೋಗ್ತಾನೇ ಇಲ್ಲ" ಅನ್ನುತ್ತಾರೆ. ಮೊದಲನೆಯದು ಗಾಜು ಪೋಲರೈಸ್ಡ್, ಅಂದರೆ ಎಗರಿ ಬರುವ ಹೊಳಪನ್ನು ಕತ್ತರಿಸುವಂಥದ್ದು, ಅಂತ ಮಾತ್ರ ತೋರಿಸುತ್ತದೆ. ಎರಡನೆಯದು ನೀಲಿ ಬೆಳಕಿನ ವಿಷಯ. ಎರಡೂ ಯುವಿ ಪರೀಕ್ಷೆ ಅಲ್ಲ.

ಬೆಲೆಯ ಬಗ್ಗೆಯೂ ಹೇಳಬೇಕು. ದುಬಾರಿಯಾದರೆ ಒಳ್ಳೆಯದು, ಅಗ್ಗವಾದರೆ ಕೆಟ್ಟದ್ದು ಅಂತ ಇಲ್ಲ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ತನ್ನ ಗುಣದಿಂದಲೇ ಯುವಿಯನ್ನು ಬಹುತೇಕ ಪೂರ್ತಿ ತಡೆಯುತ್ತದೆ. ಅದರ ಗಾಜು ಹಾಕಿದ ಕಡಿಮೆ ಬೆಲೆಯ ಕನ್ನಡಕಗಳು ಬೇಕಾದಷ್ಟಿವೆ. ಹೆಸರಿಗೆ, ಅಚ್ಚಿಗೆ ದುಡ್ಡು ಕೊಡುವುದು ನಿಮ್ಮ ಇಷ್ಟ. ಕಣ್ಣಿನ ರಕ್ಷಣೆಗೆ ಸಾವಿರಾರು ರೂಪಾಯಿ ಬೇಕಿಲ್ಲ, ಪರೀಕ್ಷೆ ಮಾಡಿದ ಗಾಜು ಬೇಕು.

ಮೂರನೇ ಹೆಜ್ಜೆ: ಪಕ್ಕದಿಂದ ಬರುವ ಬಿಸಿಲು

ಅಂಗಡಿಯಲ್ಲಿ ಯಾರೂ ನೋಡದೆ ಬಿಡುವುದು ಇದನ್ನೇ. ಗಾಜು ಎಷ್ಟೇ ಚೆನ್ನಾಗಿರಲಿ, ಚಿಕ್ಕದಾಗಿದ್ದರೆ ಮೇಲಿಂದ, ಪಕ್ಕದಿಂದ, ಕೆಳಗಿಂದ ಬಿಸಿಲು ನುಗ್ಗುತ್ತದೆ.

ಅಪ್ಪನ ಕಣ್ಣಿನಲ್ಲಿ ದುರ್ಮಾಂಸ ಮೂಗಿನ ಕಡೆಯೇ ಯಾಕೆ ಬಂತು? ಇದು ನನ್ನನ್ನು ತುಂಬಾ ದಿನ ಕಾಡಿತ್ತು. ಮೂಗು ಅಡ್ಡ ಇರುವ ಕಡೆ ಬಿಸಿಲು ಕಡಿಮೆ ಅಲ್ವಾ? ಆದರೆ ಕಿವಿಯ ಕಡೆಯಿಂದ ಓರೆಯಾಗಿ ಬರುವ ಬೆಳಕು ಗುಮ್ಮಟದಂಥ ಕಾರ್ನಿಯಾದಲ್ಲಿ ಬಾಗಿ, ಎದುರು ಬದಿಯ ಅಂಚಿನಲ್ಲಿ, ಅಂದರೆ ಮೂಗಿನ ಕಡೆ, ಒಂದೇ ಜಾಗಕ್ಕೆ ಬಂದು ಸೇರುತ್ತದೆ. ಮಕ್ಕಳು ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡುತ್ತಾರಲ್ಲ, ಆ ರೀತಿ. ದುರ್ಮಾಂಸ ಹೆಚ್ಚಾಗಿ ಅಲ್ಲೇ ಹುಟ್ಟುವುದಕ್ಕೆ ಇದು ಒಂದು ದೊಡ್ಡ ಕಾರಣ ಅನ್ನುತ್ತಾರೆ. ಇದನ್ನು ತಿಳಿದ ಮೇಲೆ ನಾನು ಗಿರಾಕಿಗಳಿಗೆ ಮೊದಲು ಪಕ್ಕದ ಸಂದನ್ನೇ ತೋರಿಸುತ್ತೇನೆ.

ಹೀಗೆ ನೋಡಿಕೊಳ್ಳಿ. ಕನ್ನಡಕ ಹಾಕಿಕೊಂಡು ಅಂಗಡಿಯ ಬಾಗಿಲ ಬಳಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ನಿಲ್ಲಿ. ಕಣ್ಣುಗುಡ್ಡೆಯನ್ನು ಮಾತ್ರ ಕಿವಿಯ ಕಡೆ ತಿರುಗಿಸಿ. ಗಾಜಿನಾಚೆ ಬರಿ ಬೆಳಕು ಎಷ್ಟು ಕಾಣುತ್ತದೆ? ಜೊತೆಗೆ ಬಂದವರಿಗೆ ಪಕ್ಕದಿಂದ ನೋಡಲು ಹೇಳಿ. ನಿಮ್ಮ ಕಣ್ಣಿನ ಬಿಳಿ ಅವರಿಗೆ ಕಂಡರೆ ಬಿಸಿಲಿಗೂ ದಾರಿ ಇದೆ. ಮುಖಕ್ಕೆ ಬಾಗಿ ಕೂರುವ ಅಗಲ ಫ್ರೇಮ್ ಅಥವಾ ದಪ್ಪ ಕಡ್ಡಿಯದ್ದು ಒಳ್ಳೆಯದು. ಮೇಲಂಚು ಹುಬ್ಬಿನ ತನಕ ಬರಬೇಕು. ನಗಿ, ಕೆನ್ನೆ ಫ್ರೇಮನ್ನು ಎತ್ತಬಾರದು. ರೆಪ್ಪೆ ಮಿಟುಕಿಸಿ, ಕೂದಲು ಗಾಜಿಗೆ ತಾಗಬಾರದು. ತಲೆ ಬಗ್ಗಿಸಿ ಅಲ್ಲಾಡಿಸಿ, ಜಾರಬಾರದು. ಪುಟ್ಟ ಗುಂಡು ಗಾಜಿನ ಚೆಂದದ ಫ್ರೇಮ್‌ಗಳು ಫೋಟೋಗೆ ಸರಿ, ಜಂಬೂ ಸವಾರಿಗೆ ಅಂತ ಬೆಳಗ್ಗಿಂದ ಬಿಸಿಲಲ್ಲಿ ಕೂರುವುದಕ್ಕೆ ಸರಿಯಲ್ಲ.

ಜೊತೆಗೆ ತಲೆಯ ಮೇಲೆ ಅಂಚಿರುವ ಟೋಪಿ ಇರಲಿ. ಸೆರಗು, ಟವೆಲ್ ತಲೆಗೆ ತಂಪು ಕೊಡುತ್ತವೆ. ಆದರೆ ಹಣೆಯ ಮುಂದೆ ಚಾಚಿಕೊಳ್ಳುವುದಿಲ್ಲವಾದ್ದರಿಂದ ಕಣ್ಣಿಗೆ ನೆರಳು ಸಿಗುವುದಿಲ್ಲ.

ಗಾಜು ನೆಟ್ಟಗಿದೆಯೇ, ಬಣ್ಣ, ಪೋಲರೈಸ್ಡ್

ಗಾಜನ್ನು ಕೈ ಚಾಚಿ ಹಿಡಿದು ಅದರ ಮೂಲಕ ಬಾಗಿಲ ಚೌಕಟ್ಟನ್ನೋ ನೆಲದ ಟೈಲ್ಸ್ ಗೆರೆಯನ್ನೋ ನೋಡಿ. ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಗೆರೆ ಹಾವಿನ ಹಾಗೆ ನುಲಿದರೆ ಅಲ್ಲೇ ಇಟ್ಟು ಬನ್ನಿ. ಅಂಥದ್ದನ್ನು ಹಾಕಿಕೊಂಡರೆ ಸಂಜೆಗೆ ತಲೆನೋವು.

ಬಣ್ಣದಲ್ಲಿ ಬೂದು ಎಲ್ಲ ಬಣ್ಣಗಳನ್ನೂ ಇದ್ದ ಹಾಗೇ ತೋರಿಸುತ್ತದೆ. ಕಂದು ಬಣ್ಣದಲ್ಲಿ ರಸ್ತೆಯ ಗುಂಡಿ, ಉಬ್ಬು ಚೆನ್ನಾಗಿ ಎದ್ದು ಕಾಣುತ್ತದೆ. ನನಗೆ ಕೇಳಿದರೆ ಗಾಡಿ ಓಡಿಸುವವರಿಗೆ ಕಂದು. ನೀಲಿ, ಗುಲಾಬಿ, ಹಳದಿ ಗಾಜು ಬಿಸಿಲಿಗೆ ಬೇಡ. ಸಿಗ್ನಲ್‌ನ ಬಣ್ಣವೂ ಅದಲು ಬದಲಾದಂತೆ ಕಾಣಬಹುದು.

ಪೋಲರೈಸ್ಡ್ ಗಾಜು ನೀರು, ಡಾಂಬರು, ಕಾರಿನ ಬಾನೆಟ್ ಮೇಲಿಂದ ಎಗರಿ ಬರುವ ಕಣ್ಣು ಕುಕ್ಕುವ ಹೊಳಪನ್ನು ಕತ್ತರಿಸುತ್ತದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿಯ ಮೇಲೆ ಹೋಗುವಾಗ, ನಾಟಿಗೆ ನೀರು ಕಟ್ಟಿದ ಗದ್ದೆಯಲ್ಲಿ ನಿಂತಾಗ ಇದರ ಸುಖ ಗೊತ್ತಾಗುತ್ತದೆ. ನೀರಿನ ಮೇಲಿನ ಬೆಳ್ಳಿ ತಗಡು ಮಾಯವಾಗಿ ತಳದ ಕೆಸರು ಕಾಣುತ್ತದೆ. ಆದರೆ ಪೋಲರೈಸ್ಡ್ ಅಂದ ಮಾತ್ರಕ್ಕೆ ಯುವಿ ತಡೆಯುತ್ತದೆ ಅಂತ ಅಲ್ಲ, ಎರಡನ್ನೂ ಬೇರೆ ಬೇರೆ ಕೇಳಿ. ಪರೀಕ್ಷೆ ಸುಲಭ. ಹೊಳೆಯುವ ನೆಲವನ್ನು ಗಾಜಿನ ಮೂಲಕ ನೋಡುತ್ತಾ ಗಾಜನ್ನು ಚಕ್ರದ ಹಾಗೆ ತಿರುಗಿಸಿ. ಹೊಳಪು ಏರಿ ಇಳಿದರೆ ಅಸಲಿ. ಒಂದು ತೊಂದರೆ, ಕೆಲವು ಫೋನ್ ಮತ್ತು ಗಾಡಿಯ ಡಿಜಿಟಲ್ ಮೀಟರ್ ಇದರಲ್ಲಿ ಕಪ್ಪಾಗಿ ಕಾಣುತ್ತವೆ. ಕೊಳ್ಳುವ ಮುಂಚೆ ನಿಮ್ಮ ಫೋನ್ ನೋಡಿಕೊಳ್ಳಿ.

ಮೈಸೂರು–ಮಂಡ್ಯ ಓಡಾಡುವವರಿಗೆ

ಮಂಡ್ಯ ಇರುವುದು ಮೈಸೂರಿನ ಈಶಾನ್ಯಕ್ಕೆ. ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ ಅಂದರೆ ಬೆಳಗ್ಗೆಯೂ ಸಂಜೆಯೂ ಬಿಸಿಲು ಬೆನ್ನಿಗೆ. ಮೈಸೂರಿನಲ್ಲಿ ಮನೆ, ಮಂಡ್ಯದಲ್ಲಿ ಕೆಲಸ ಅಂದರೆ ಎರಡು ಹೊತ್ತೂ ಸೂರ್ಯ ಮುಖಕ್ಕೇ. ಎರಡನೆಯವರು ಕನ್ನಡಕವಿಲ್ಲದೆ ಗಾಡಿ ಹತ್ತಬೇಡಿ.

ಕಾರಿನ ಮುಂದಿನ ಗಾಜು ಎರಡು ಪದರ ಅಂಟಿಸಿ ಮಾಡಿದ್ದು, ಯುವಿಯನ್ನು ಬಹುತೇಕ ತಡೆಯುತ್ತದೆ. ಪಕ್ಕದ ಕಿಟಕಿಯ ಗಾಜು ಹಾಗಲ್ಲ, ಯುವಿ ಎ ಎಷ್ಟು ಬಿಡುತ್ತದೆ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಬೈಕಿನವರಿಗೆ ಯಾವ ಗಾಜೂ ಇಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಹಾದಿಗೆ ಬೈಕ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯ ದೂಳೇ ಗತಿ. ಅವರು ಹೆಲ್ಮೆಟ್ ತೆಗೆದುಕೊಂಡು ಹೋಗಿಯೇ ಕನ್ನಡಕ ಆರಿಸಲಿ. ಕಡ್ಡಿ ತೆಳ್ಳಗೆ, ನೇರವಾಗಿದ್ದರೆ ಹೆಲ್ಮೆಟ್ ಒಳಗೆ ಸಲೀಸಾಗಿ ಜಾರುತ್ತದೆ. ದಪ್ಪ ಕಡ್ಡಿ ಕಿವಿಯ ಮೇಲೆ ಒತ್ತಿ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ನೋವು ಶುರುವಾಗುತ್ತದೆ. ಕತ್ತಲಾದ ಮೇಲೆ ಕಪ್ಪು ಗಾಜು, ಕಪ್ಪು ವೈಸರ್ ಎರಡೂ ಬೇಡ.

ಪವರ್ ಇರುವವರು, ಮಕ್ಕಳು

ದಿನಾ ಪವರ್ ಕನ್ನಡಕ ಹಾಕುವವರು ಹೊಸ ಗಾಜು ಹಾಕಿಸುವಾಗಲೇ ಯುವಿ 400 ಕೇಳಿ, ಬಿಳಿ ಗಾಜಿಗೂ ಸಿಗುತ್ತದೆ. ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಗಾಜು ನಡೆದಾಡುವವರಿಗೆ ಅನುಕೂಲ. ಆದರೆ ಅದು ಕಪ್ಪಾಗುವುದೇ ಯುವಿ ತಾಗಿದಾಗ. ಕಾರಿನ ಮುಂದಿನ ಗಾಜು ಯುವಿಯನ್ನು ತಡೆಯುವುದರಿಂದ ಒಳಗೆ ಕೂತವರಿಗೆ ಅದು ಸರಿಯಾಗಿ ಕಪ್ಪಾಗುವುದೇ ಇಲ್ಲ. ಕಾರು ಓಡಿಸುವವರು ಪವರ್ ಹಾಕಿಸಿದ ಕೂಲಿಂಗ್ ಗ್ಲಾಸ್ ಅಥವಾ ಮೇಲೆ ಸಿಕ್ಕಿಸುವ ಕ್ಲಿಪ್ ತಗೊಳ್ಳಿ.

ಮಕ್ಕಳ ಕಣ್ಣಿನ ಮಸೂರ ತುಂಬಾ ತಿಳಿ. ದೊಡ್ಡವರ ಕಣ್ಣಿಗಿಂತ ಜಾಸ್ತಿ ಯುವಿ ಅವರ ಕಣ್ಣಿನ ಹಿಂಭಾಗದವರೆಗೆ ಹೋಗುತ್ತದೆ. ಮೃಗಾಲಯದ ಹೊರಗೆ ಮಗು ಹಟ ಹಿಡಿದು ಕೊಡಿಸಿಕೊಳ್ಳುವ ಬಣ್ಣಬಣ್ಣದ ಆಟಿಕೆ ಕನ್ನಡಕವನ್ನು ಆಟಕ್ಕೆ ಮಾತ್ರ ಬಿಡಿ. ಬಿಸಿಲಿಗೆ ಪರೀಕ್ಷೆ ಮಾಡಿದ, ಒಡೆದು ಚೂರಾಗದ ಪಾಲಿಕಾರ್ಬೊನೇಟ್ ಗಾಜಿನದ್ದು ಕೊಡಿಸಿ. ಅದನ್ನು ಹಾಕಲು ಒಪ್ಪದ ಮಗುವಿಗೆ ಟೋಪಿಯಾದರೂ ಇರಲಿ.

ಯಾವ ಕೂಲಿಂಗ್ ಗ್ಲಾಸ್ ಹಾಕಿದರೂ ಸೂರ್ಯನನ್ನು ನೇರ ನೋಡಬಾರದು, ಗ್ರಹಣದ ದಿನವೂ ಅಷ್ಟೇ. ಗ್ರಹಣದ ಕನ್ನಡಕಕ್ಕೆ ಬೇರೆಯೇ ಮಾನದಂಡವಿದೆ, ಐಎಸ್‌ಒ 12312-2. ವೆಲ್ಡಿಂಗ್‌ಗೂ ಕೂಲಿಂಗ್ ಗ್ಲಾಸ್ ಆಗುವುದಿಲ್ಲ.

ತಂದ ಮೇಲೆ

ಸೆರಗು, ಲುಂಗಿಯಲ್ಲಿ ಒಣಗಿದ ದೂಳನ್ನು ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ನೀರಲ್ಲಿ ತೊಳೆದು ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋದರೆ ಸೆಕೆಗೆ ಫ್ರೇಮ್ ಸೊಟ್ಟಗಾಗುತ್ತದೆ, ಪಕ್ಕದ ಸಂದು ಮತ್ತೆ ತೆರೆದುಕೊಳ್ಳುತ್ತದೆ.

ಆಗಲೇ ಬೆಳೆದಿರುವ ದುರ್ಮಾಂಸವನ್ನು ಕನ್ನಡಕ ಕರಗಿಸುವುದಿಲ್ಲ. ಕಣ್ಣು ಪದೇ ಪದೇ ಕೆಂಪಾಗುತ್ತಿದ್ದರೆ, ಪದರ ಕಪ್ಪುಗುಡ್ಡೆಯ ಮೇಲೆ ಹತ್ತುತ್ತಿದ್ದರೆ, ನೋಟ ಮಂಜಾದರೆ ಅಂಗಡಿಗೆ ಬರಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬಿಸಿಲಲ್ಲಿ ಇಡೀ ದಿನ ಇದ್ದು ಬಂದ ರಾತ್ರಿ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ, ನೀರು, ಬೆಳಕು ನೋಡಲಾಗದಷ್ಟು ನೋವು ಬಂದರೂ ಅಷ್ಟೇ.

ಅಪ್ಪನಿಗೆ ಎರಡನೇ ಸಲ ತಂದದ್ದು ಕಂದು ಬಣ್ಣದ, ಪಕ್ಕಕ್ಕೆ ಬಾಗಿದ, 3ನೇ ಕೆಟಗರಿಯದ್ದು. ಮಿಷನ್‌ನಲ್ಲಿ ಸೊನ್ನೆ ತೋರಿಸಿದ ಮೇಲೆಯೇ ಊರಿಗೆ ತೆಗೆದುಕೊಂಡು ಹೋದೆ. "ಇದ್ನಾಕ್ಕೊಂಡು ಗದ್ದೆಗೋದ್ರೆ ಜನ ನಗಾಡ್ತಾರೆ ಕಣವ್ವ" ಅಂದರು. ಎರಡು ದಿನ ಗೂಟದ ಮೇಲೇ ನೇತಾಡುತ್ತಿತ್ತು. ಕಬ್ಬಿನ ತರಗು ಸುಲಿಯುವಾಗ ಬಗ್ಗಿದರೆ ಬಿದ್ದು ಹೋಗುತ್ತೆ ಅನ್ನುವುದು ನಿಜವಾದ ತಕರಾರು ಅಂತ ಆಮೇಲೆ ಗೊತ್ತಾಯಿತು. ಎರಡು ಕಡ್ಡಿಗೂ ಸೇರಿಸಿ ಕತ್ತಿನ ಹಿಂದಕ್ಕೆ ಒಂದು ಕಪ್ಪು ದಾರ ಕಟ್ಟಿಕೊಟ್ಟೆ. ಹೊಲದ ಕೆಲಸದವರೆಲ್ಲರೂ ಕಟ್ಟಿಕೊಳ್ಳಿ. ದಾರ ತೀರಾ ಬಿಗಿಯಾದರೆ ಮೂಗಿನ ಮೇಲೆ ಒತ್ತುತ್ತದೆ, ಎರಡು ಬೆರಳು ಆಡುವಷ್ಟು ಸಡಿಲ ಇರಲಿ.